ಓಂಕಾರದ ಮೇಲೆ ಬೂದಿ

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹಿಡಿದರೆ ನಮ್ಮ ಕೊಡಗಿನಲ್ಲಿ ಬೂಷ್ಟು ಬಾರದ ವಸ್ತುವಿಲ್ಲ. ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮು, ಬೀರುವಿನೊಳಗಿನ ಕೋಟು. ಈ ಸಲ ಓಂಕಾರಕ್ಕೂ ಬಂತು.

ಓಂಕಾರ ಇದ್ದದ್ದು ಊದುಬತ್ತಿ ಸ್ಟ್ಯಾಂಡಿನ ಮೇಲೆ. ಮಡಿಕೇರಿಯಲ್ಲಿ ಏಲಕ್ಕಿ, ಜೇನು, ಹೋಮ್‌ಮೇಡ್ ಚಾಕೊಲೇಟುಗಳ ಪಕ್ಕ ‘ಕೊಡಗಿನ ಕರಕುಶಲ’ ಎಂದು ಮಾರುತ್ತಾರಲ್ಲ, ಅದು, ನೆಂಟರು ಕೊಟ್ಟದ್ದು. ಕೊಡಗಿಗೂ ಅದಕ್ಕೂ ಇರುವ ಸಂಬಂಧ ಅಂಗಡಿ ಬಾಡಿಗೆಯಷ್ಟೇ. ಶೀಶಮ್ ಮರ, ಹಿತ್ತಾಳೆ ಕೂರಿಸಿದ ಕೆತ್ತನೆ, ಉತ್ತರಪ್ರದೇಶದ ಸಹಾರನ್‌ಪುರದ ಕುಸುರಿ. ಕೆಲಸ ಚೆಂದವೇ. ನನ್ನ ತಕರಾರು ಓಂ ಕೂತ ಜಾಗದ್ದು: ಬೂದಿ ಎಲ್ಲಿ ಬೀಳಬೇಕೋ ಸರಿಯಾಗಿ ಅಲ್ಲೇ. ಶಿವನಿಗೆ ಭಸ್ಮ ಪ್ರಿಯ ಎನ್ನಬಹುದು, ಆದರೆ ಇದು ಇದ್ದಿಲುಪುಡಿಯ ಬೂದಿ ಮಾರಾಯರೆ. ಓಂ ಅನ್ನು ಮಸಿಬಟ್ಟೆಯಲ್ಲಿ ಒರೆಸಬಾರದೆಂದು ಅಮ್ಮ ಅದಕ್ಕೊಂದು ಮಡಿಬಟ್ಟೆ ಇಟ್ಟಿದ್ದಾರೆ. ಮಳೆಗಾಲದಲ್ಲಿ ಆ ಬಟ್ಟೆಯೂ ಒಣಗುವುದಿಲ್ಲ.

ಚಿಕ್ಕಪ್ಪನ ಸಿಟ್ಟು ಬೇರೆ. “ಮನೆ ಹಿಂದೆ ಬೀಟೆ ಮರ ಇಟ್ಟುಕೊಂಡು ಸಹಾರನ್‌ಪುರದ ಮರಕ್ಕೆ ಬತ್ತಿ ಚುಚ್ಚುವುದಾ?”

ಬೀಟೆ ಇದೆ, ನಿಜ. ಆದರೆ ನಮ್ಮದು ಅನ್‌ರಿಡೀಮ್ಡ್ ಬಾಣೆ. ಕೊಡಗಿನವರಿಗೆ ಇಷ್ಟು ಸಾಕು. ಹೊರಗಿನವರಿಗೆ ಹೇಳುವುದಾದರೆ, ನೆಲ ನಮ್ಮದು, ಮರ ಸರ್ಕಾರದ್ದು. ತರಗೆಲೆ ಗುಡಿಸುವ ಕೆಲಸ ನಮ್ಮದು, ಕೊಂಬೆ ಬಿದ್ದು ಒಡೆದ ಹೆಂಚೂ ನಮ್ಮದು, ಕೊಂಬೆ ಮಾತ್ರ ಅಲ್ಲ. ಹೋದ ಮಳೆಗಾಲದಲ್ಲಿ ಹಾಗೊಂದು ಕೊಂಬೆ ಬಿತ್ತು. ಚಿಕ್ಕಪ್ಪನಿಗೆ ಬೇಕಾದದ್ದು ಅಂಗೈಯಗಲದ ತುಂಡು. ಬಡಗಿ ಮುಟ್ಟಲಿಲ್ಲ. “ಬೀಟೆ ಬೇಡ ಸಾರ್, ಸಿಲ್ವರ್ ತನ್ನಿ, ದೇವರ ಮಂಟಪವನ್ನೇ ಮಾಡಿಕೊಡುವ” ಎಂದ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ನೆರಳಿಗೆಂದು ತೋಟಕ್ಕೆ ಬಂದದ್ದು. ಕಡಿಯಲು ಬೀಟೆಯಷ್ಟು ರಗಳೆಯಿಲ್ಲ, ಹಾಗಾಗಿ ಈಗ ಎಲ್ಲಿ ನೋಡಿದರೂ ಅದೇ. ಇಲ್ಲಿನ ಮರ ಉಳಿಸಲು ಮಾಡಿದ ಕಾನೂನಿಗೆ ಹೆದರಿ ಜನ ಇಲ್ಲಿನ ಮರ ನೆಡುವುದನ್ನೇ ಬಿಟ್ಟರು. ಬರೆಯುವಾಗಲೂ ಮೈ ಉರಿಯುತ್ತದೆ.

ಆಸ್ಟ್ರೇಲಿಯಾದ ಮರಕ್ಕಾಗಿ ಸಹಾರನ್‌ಪುರವನ್ನು ಬಿಡಲು ಚಿಕ್ಕಪ್ಪ ಸಿದ್ಧರಿರಲಿಲ್ಲ. ಕಿತ್ತುಹಾಕಿದ ರೊಬಸ್ಟಾ ಕಾಫಿ ಗಿಡದ ಬೊಡ್ಡೆಯೊಂದನ್ನು ತಂದು ತಾವೇ ಡ್ರಿಲ್ಲು ಹಿಡಿದು ಕೂತರು. ಗಟ್ಟಿ ಮರ; ಕೊರೆಯುವಾಗ ಊಟಕ್ಕೆ ಕರೆದರೂ ಏಳಲಿಲ್ಲ. ತೂತು ದೊಡ್ಡದಾಗಿ ಬತ್ತಿ ವಾಲಿತು. ವಾಲಿದ್ದು ದೇವರ ಕಡೆಗೇ ಎಂದು ಅವರ ವಾದ. ಅಮ್ಮ ತೂತಿಗೆ ಅಕ್ಕಿ ತುಂಬಿ ನೆಟ್ಟಗೆ ನಿಲ್ಲಿಸಿದರು. ರಾತ್ರಿ ಇಲಿ ಬಂದು ಅಕ್ಕಿ ತಿಂದಿತು. ಮಾರನೆಯ ದಿನ ರಾಗಿ ತುಂಬಿದರು, ಅದನ್ನೂ ತಿಂದಿತು. ಚಿಕ್ಕಪ್ಪ ಈಗ ಇಲಿ ಬೋನು ಮಾಡುತ್ತಿದ್ದಾರೆ, ಕಾಫಿ ಮರದ್ದೇ.

ಬಾಳೆಹಣ್ಣಿಗೆ ಬತ್ತಿ ಚುಚ್ಚುತ್ತಿದ್ದಾಗ ಇದೆಲ್ಲ ಇರಲಿಲ್ಲ. ಹಣ್ಣು ಕಪ್ಪಾದರೆ ದನಕ್ಕೆ ಹಾಕಿದರಾಯಿತು. ಬೂಷ್ಟು ಹಿಡಿದ ಓಂಕಾರವನ್ನು ಏನು ಮಾಡುವುದು? ಕಸಕ್ಕೆ ಹಾಕುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ಕಾವೇರಿಗೆ ಬಿಡೋಣವೆಂದರೆ ಆ ತಾಯಿಗೆ ನಾವು ಈಗಾಗಲೇ ಬಿಟ್ಟದ್ದೇ ಸಾಕಷ್ಟಿದೆ. ಉಳಿದದ್ದು ಅಶ್ವತ್ಥಕಟ್ಟೆ. ಅಲ್ಲಿ ಗಾಜೊಡೆದ ಲಕ್ಷ್ಮಿ, ಹಳೇ ಕ್ಯಾಲೆಂಡರಿನ ವೆಂಕಟರಮಣ ಎಲ್ಲ ಮಳೆಯಲ್ಲಿ ನೆನೆಯುತ್ತ ಕೂತಿದ್ದಾರೆ. ಎಸೆಯಲಾಗದ್ದನ್ನು ಮಾರುವವರಿಗೆ ಅದನ್ನು ವಾಪಸು ತೆಗೆದುಕೊಳ್ಳುವ ಧರ್ಮವೂ ಇರಬೇಕಿತ್ತು.

ಓಂ ಬಿಟ್ಟು ಆನೆ ಕೆತ್ತಲಿ. ಆನೆ ನಮಗೆ ಹೊಸತಲ್ಲ, ತೋಟಕ್ಕೆ ಬಂದು ಬೈನೆ ಮರ ಸೀಳಿ ಹೋಗುತ್ತಲೇ ಇರುತ್ತದೆ. ಬೂದಿ ಬಿದ್ದರೆ ಅದಕ್ಕೇನು, ತಾನಾಗಿಯೇ ಮೈಮೇಲೆ ಮಣ್ಣು ಎರಚಿಕೊಳ್ಳುವ ಪ್ರಾಣಿ. ಅಮ್ಮನಿಗೆ ಹೇಳಿದೆ. “ಆನೆಯಾದರೆ ಗಣಪತಿಯಲ್ಲವಾ, ಸೊಂಡಿಲು ನೋಡಿ ತಾ. ಬಲಮುರಿಯಾದರೆ ಮಡಿ ಜಾಸ್ತಿ, ನನ್ನಿಂದಾಗದು” ಎಂದರು.