ಆಕಾಶದಿಂದ ಕ್ಯಾಶ್ ಆನ್ ಡೆಲಿವರಿ

“ಮಂಗಳ ಗ್ರಹದ ಅಪ್ಪಟ ಕಲ್ಲು, ಒಂದು ಕೆಜಿ, 1,499 ರೂಪಾಯಿ, ಇನ್ನೆರಡೇ ಪೀಸ್!” ಆಕಾಶದಿಂದ ಬಿದ್ದ ಕಲ್ಲು, ಅಂದರೆ ಉಲ್ಕಾಶಿಲೆ, ಮಾರುವ ಇಂಥ ಜಾಹೀರಾತು ಕಂಡರೆ ಮೊದಲು ಸಣ್ಣದೊಂದು ಲೆಕ್ಕ ಹಾಕಿ. 2025ರ ಜುಲೈಯಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಾದ 24.67 ಕೆಜಿಯ ಮಂಗಳದ ಕಲ್ಲಿಗೆ ಬಂದದ್ದು ಸುಮಾರು 53 ಲಕ್ಷ ಡಾಲರ್. ಗ್ರಾಂಗೆ ಇನ್ನೂರು ಡಾಲರ್ ದಾಟಿತು. ಅದೇ ಮಾಲು ನಿಮಗೆ ಗ್ರಾಂಗೆ ಒಂದೂವರೆ ರೂಪಾಯಿ, ಡೆಲಿವರಿ ಬೇರೆ ಉಚಿತ ಅಂದರೆ ಮಾರುವವನು ದಾನಶೂರ ಕರ್ಣನೇ ಇರಬೇಕು.

“ಸರ್ಟಿಫಿಕೇಟ್ ಇದೆ ಸಾರ್” ಅನ್ನುತ್ತಾನೆ. ಇರುತ್ತದೆ. ಬಂಗಾರದ ಅಂಚು, ಹೊಲೊಗ್ರಾಮ್, ಯಾರಿಗೂ ಓದಲಾಗದ ಸಹಿ ಎಲ್ಲಾ ಇರುತ್ತದೆ. ಅಚ್ಚು ಹಾಕಿಸಿದವನೂ ಅವನೇ. ನೀವು ಕೇಳಬೇಕಾದ್ದು ಕಲ್ಲಿನ ಹೆಸರು. ವರ್ಗೀಕರಣವಾದ ಪ್ರತಿ ಉಲ್ಕಾಶಿಲೆಗೂ ಅಧಿಕೃತ ಹೆಸರುಂಟು: ಚೆಲ್ಯಾಬಿನ್ಸ್ಕ್, ಸಿಖೋಟೆ-ಅಲಿನ್, ಎನ್‌ಡಬ್ಲ್ಯೂಎ (ವಾಯವ್ಯ ಆಫ್ರಿಕಾ) 869. ನಮ್ಮ ಉಡುಪಿಯಲ್ಲಿ 1866ರಲ್ಲಿ ಬಿದ್ದದ್ದೂ ಪಟ್ಟಿಯಲ್ಲಿದೆ. ಈ ಹೆಸರುಗಳಿಗೆ ಮುದ್ರೆ ಒತ್ತುವ ಮೀಟಿಯೊರಿಟಿಕಲ್ ಸೊಸೈಟಿಯ ಡೇಟಾಬೇಸ್‌ನಲ್ಲಿ ಹೆಸರು ಹಾಕಿದರೆ ಜಾತಿ, ಸಿಕ್ಕ ಜಾಗ, ಒಟ್ಟು ತೂಕ ಪುಕ್ಕಟೆ ಸಿಗುತ್ತದೆ. ಲೋಕಕ್ಕೆಲ್ಲ ಸಿಕ್ಕಿರುವುದೇ 300 ಗ್ರಾಂ ಎಂದು ಅಲ್ಲಿದ್ದು, ಇವನೊಬ್ಬನ ಅಂಗಡಿಯಲ್ಲೇ ಅರ್ಧ ಕೆಜಿ ಇದ್ದರೆ ಮುಂದೆ ಮಾತಾಡುವುದೇನೂ ಉಳಿಯಲಿಲ್ಲ.

ಆಮೇಲೆ ಫೋಟೊ. ಮೈತುಂಬ ಸೆಟ್ ದೋಸೆಯಂತೆ ತೂತುಗಳಿದ್ದರೆ ಅದು ಕುಲುಮೆಯ ಕಿಟ್ಟ. ಉಲ್ಕಾಶಿಲೆಯಲ್ಲಿ ಗಾಳಿಗುಳ್ಳೆ ಇರುವುದು ತೀರಾ ಅಪರೂಪ. ಹೊಸದಾಗಿ ಬಿದ್ದದ್ದಕ್ಕೆ ಮಾಸಲು ಕಪ್ಪಿನ ಸುಟ್ಟ ಪದರ ಇರುತ್ತದೆ, ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ತೆಳು. ಹೊರಗಿನ ಚಂದ ನೋಡಿ ಮರುಳಾಗದೆ ಕತ್ತರಿಸಿದ ಮುಖದ ಫೋಟೊ ಕೇಳಿ. ಸಾಮಾನ್ಯ ಕಾಂಡ್ರೈಟ್ (ಅತಿ ಹೆಚ್ಚು ಬೀಳುವ ಕಲ್ಲಿನ ಜಾತಿಯ ಉಲ್ಕಾಶಿಲೆ) ಆದರೆ ಬೂದು ಕಲ್ಲಿನೊಳಗೆ ಬೆಳ್ಳಗೆ ಮಿನುಗುವ ಲೋಹದ ಕಣಗಳು ಕಾಣಬೇಕು.

ಮ್ಯಾಗ್ನೆಟ್ ಹಿಡಿಯಿತು ಎಂದು ಕುಣಿಯಬೇಡಿ. ಬಹುಪಾಲು ಉಲ್ಕಾಶಿಲೆಗಳನ್ನು ಮ್ಯಾಗ್ನೆಟ್ ಎಳೆಯುವುದು ನಿಜ. ಹಳೇ ಎರಕದ ಚೂರನ್ನೂ, ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರನ್ನೂ ಅಷ್ಟೇ ಪ್ರೀತಿಯಿಂದ ಎಳೆಯುತ್ತದೆ. (ಅಕ್ಕಿಯನ್ನೇ ಎಳೆಯುತ್ತದೆ ಅಂದರೆ ಅದು ರೈಸ್ ಪುಲ್ಲರ್ ದಂಧೆ, ಪೊಲೀಸ್ ಠಾಣೆಯ ವಿಷಯ.) ಮುಂದಿನದು ಬಾತ್‌ರೂಮ್ ಟೈಲ್ಸಿನ ಹಿಂಬದಿ. ಮೆರುಗಿಲ್ಲದ ಆ ಮುಖಕ್ಕೆ ಕಲ್ಲನ್ನು ಗೀಚಿ. ಕೆಂಪು ಗೆರೆ ಬಂದರೆ ಹೆಮಟೈಟ್, ಅಂದರೆ ಬಳ್ಳಾರಿ ಕಡೆ ಲಾರಿಗಟ್ಟಲೆ ಸಾಗುವ ಅದಿರು. ಕಪ್ಪು ಗೆರೆ ಬಂದರೆ ಮ್ಯಾಗ್ನಟೈಟ್. ತುಕ್ಕು ಹಿಡಿಯದ ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆ ಬಿಡುವುದಿಲ್ಲ.

ಇನ್ನು ನೀರಿನ ಪರೀಕ್ಷೆ. ಒಣಗಿದ ಕಲ್ಲು 70 ಗ್ರಾಂ ಅನ್ನಿ. ನೀರಿನ ಲೋಟವನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ. 20 ಬಂತೋ, 70ನ್ನು 20ರಿಂದ ಭಾಗಿಸಿ: ಸಾಂದ್ರತೆ 3.5, ಕಾಂಡ್ರೈಟಿಗೆ ಸರಿಹೋಯಿತು. 26 ಬಂದರೆ 2.7, ಗ್ರಾನೈಟಿನ ಆಸುಪಾಸು. ಎಡವಟ್ಟಾಗುವುದು ಎಲ್ಲಿ ಎಂದರೆ, ಕೈ ಸೋತು ಕಲ್ಲು ಲೋಟದ ತಳಕ್ಕೆ ಕೂತುಬಿಡುತ್ತದೆ. ಆಗ ತಕ್ಕಡಿ ಪೂರಾ 70 ತೋರಿಸುತ್ತದೆ, ಸಾಂದ್ರತೆ ಒಂದಾಗುತ್ತದೆ, ಆ ಲೆಕ್ಕಕ್ಕೆ ನಿಮ್ಮ ಉಲ್ಕೆ ತೇಲುವುದಕ್ಕೂ ಮುಳುಗುವುದಕ್ಕೂ ಮನಸ್ಸಿಲ್ಲದೆ ನಿಂತಿರಬೇಕಿತ್ತು! ಕಲ್ಲಿಗಂಟಿದ ಗಾಳಿಗುಳ್ಳೆ ಕೊಡವಿ, ದಾರ ಎತ್ತಿ ಹಿಡಿದು ಮತ್ತೆ ನೋಡಿ. ಐದು ಗ್ರಾಮಿನ ಚೂರಿಗೆ ಅಡುಗೆಮನೆ ತಕ್ಕಡಿ ಸಾಲದು, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯೇ ಬೇಕು.

ಕಬ್ಬಿಣದ ಉಲ್ಕೆಯ ಬಿಲ್ಲೆಗಳಲ್ಲಿ ಮೋಸ ಇನ್ನೂ ನಾಜೂಕು. ಅಡ್ಡಡ್ಡ ಹೆಣೆದಂತಿರುವ ವಿಡ್‌ಮನ್‌ಸ್ಟಾಟನ್ ಪಟ್ಟಿಗಳು ಮೂಡುವುದು ಲೋಹ ಲಕ್ಷಾಂತರ ವರ್ಷ ನಿಧಾನವಾಗಿ ತಣಿದಾಗ; ಸ್ಟೀಲಿನ ಮೇಲೆ ಲೇಸರ್‌ನಲ್ಲಿ ಕೊರೆಯುವುದಕ್ಕೆ ಒಂದೆರಡು ನಿಮಿಷ ಸಾಕು. ಬಿಲ್ಲೆಯನ್ನು ಓರೆ ಮಾಡುವ ವಿಡಿಯೊ ಕೇಳಿ. ನಿಜವಾದದ್ದರಲ್ಲಿ ಬೆಳಕು ಸರಿದಂತೆ ಕೆಲವು ಪಟ್ಟಿಗಳು ಹೊಳೆದು ಕೆಲವು ಮಂಕಾಗುತ್ತವೆ. ಕೊರೆದದ್ದು ಎತ್ತ ತಿರುಗಿಸಿದರೂ ಒಂದೇ ಮುಖ.

ಇಷ್ಟೆಲ್ಲ ಪಾಸಾಗಿ ಮನೆಗೆ ಬಂದ ಅಸಲಿ ಕಬ್ಬಿಣ ಮಳೆಗಾಲದಲ್ಲಿ ತುಕ್ಕು ಹಿಡಿದಾಗ “ಡೂಪ್ಲಿಕೇಟ್ ಕೊಟ್ಟ!” ಎಂದು ಜಗಳಕ್ಕೆ ಹೋಗುವವರೂ ಇದ್ದಾರೆ. ಅಸಲಿಯೂ ತುಕ್ಕು ಹಿಡಿಯುತ್ತದೆ. ಅರ್ಜೆಂಟೀನಾದ ಕಾಂಪೊ ಡೆಲ್ ಸಿಯೆಲೊ ಎಂಬ ಕಬ್ಬಿಣದ ಉಲ್ಕೆ ಇದಕ್ಕೇ ಹೆಸರುವಾಸಿ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದು ತೇವ ಹೀರಿಕೊಂಡಾಗಲೆಲ್ಲ ಬದಲಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಅದಕ್ಕೆ ಆಗದು.