ದನ ಕಟ್ಟುವ ಜಾಗದಲ್ಲಿ ಮಕ್ಕಳನ್ನು ಮಲಗಿಸುವ ಮೊದಲು

ನಿನ್ನೆ ಪುಣೆ ಹತ್ತಿರದ ಪೌಡ್ ಕಡೆ ಹೋಗಿದ್ದೆ. ನಮ್ಮ ಪುಣೆ ಕನ್ನಡ ಬಳಗದ ಗೆಳೆಯರೊಬ್ಬರು ಮುಳಾ ನದಿ ಪಕ್ಕ ಒಂದು ಹಳೇ ಗೋಠಾ ಕೊಳ್ಳಬೇಕು ಅಂತಿದ್ದಾರೆ. ದನದ ಕೊಟ್ಟಿಗೆಯನ್ನೇ ಮನೆ ಮಾಡುವ ಆಸೆ. ಕಲ್ಲಿನ ಗೋಡೆ, ಸಾಗುವಾನಿ ತೊಲೆ, ಎದುರಿಗೇ ಹೊಳೆ. ಜಾಗ ಚಂದ ಇದೆ, ಇಲ್ಲ ಅನ್ನಲ್ಲ. ಏಜೆಂಟ್ ಸಾತ್‌ಬಾರಾ (ಜಮೀನಿನ ಪಹಣಿ) ತೋರಿಸಿದ, ಎನ್‌ಎ (ಕೃಷಿಯೇತರ ಬಳಕೆಗೆ ಒಪ್ಪಿಗೆ) ಮಾಡಿಸಿಕೊಡ್ತೀನಿ ಅಂದ, ಹಂಚು ಎಲ್ಲಿ ಸಿಗುತ್ತೆ ಅಂತಲೂ ಹೇಳಿದ. ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಏರುತ್ತೆ ಅಂತ ಕೇಳಿದೆ. ಉತ್ತರ ಬರಲಿಲ್ಲ, ಮಾತು ಕಿಚನ್ ಕಡೆ ಹೊರಳಿತು. ಇನ್ನೂ ಸಿಟ್ಟು ಇಳಿದಿಲ್ಲ.

ನಾನು ಕೃಷ್ಣಾ ದಂಡೆಯವನು ಅಂತ ನಿಮಗೆ ಗೊತ್ತು. ನಮ್ಮ ಕಡೆ ಹೊಲದ ಕೊಟ್ಟಿಗೆ ತಗ್ಗಿನಲ್ಲಿದ್ದರೆ ಯಾರಿಗೂ ಚಿಂತೆ ಇರಲಿಲ್ಲ. ದನಕ್ಕೆ ನೀರು ಹತ್ತಿರ ಇರಬೇಕಲ್ಲ. ಹೊಳೆ ಏರಿತು ಅಂದರೆ ಕಣ್ಣಿ ಬಿಚ್ಚಿ ದನಗಳನ್ನು ದಿಬ್ಬಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ನೀರು ಒಳಗೆ ಬಂದು ಹೋಗುತ್ತಿತ್ತು. ರಾಡಿ ಬಳಿದು ಹಾಕಿದರೆ ಮುಗೀತು. ಅದನ್ನು ಯಾರು ಬರೆದಿಡುತ್ತಾರೆ? ಅದಕ್ಕೇ "ಅಜ್ಜನ ಕಾಲದಿಂದ ನಿಂತಿದೆ, ಏನೂ ಆಗಿಲ್ಲ" ಅನ್ನೋ ಮಾತನ್ನು ನಾನು ಒಪ್ಪಲ್ಲ. ಗೋಡೆ ಬಿದ್ದಿಲ್ಲ, ಅಷ್ಟೇ. ನೀರು ಬಂದಿಲ್ಲ ಅಂತ ಯಾರು ಹೇಳಿದರು?

ಮನೆ ಮಾಡಿದ ಮೇಲೆ ಅದೇ ನೀರು ಬೇರೆ ಕೆಲಸ ಮಾಡುತ್ತೆ. ಮೊಣಕಾಲೆತ್ತರದಲ್ಲಿ ಪ್ಲಗ್ ಪಾಯಿಂಟ್, ನೆಲದ ಮೇಲೆ ಫ್ರಿಜ್, ಪ್ಲೈವುಡ್ ಕಪಾಟು. ಸೆಪ್ಟಿಕ್ ಟ್ಯಾಂಕ್ ತುಂಬಿ ಹೊರಗೆ ಬಂದರೆ ಬಾವಿ ನೀರೂ ಕೆಡುತ್ತೆ. ಮಣ್ಣಿನ ಗಾರೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಒಳಗಿನ ತೇವ ಬೇಗ ಆರಲ್ಲ. ಇನ್ನೊಂದು ಮಾತು. ಒಂದು ಕಡೆ ತೆರೆದಿದ್ದ ಕೊಟ್ಟಿಗೆಯಲ್ಲಿ ನೀರು ಹಾಯ್ದು ಹೋಗುತ್ತಿತ್ತು. ಅದನ್ನು ಮುಚ್ಚಿದರೆ ನೀರಿನ ಭಾರವೆಲ್ಲ ಗೋಡೆ ಮೇಲೆ, ಇಲ್ಲವೇ ಪಕ್ಕದವರ ಅಂಗಳಕ್ಕೆ.

ಇಂಗ್ಲೆಂಡಿನಲ್ಲಿ ಕೃಷಿ ಕಟ್ಟಡವನ್ನು ಮನೆ ಮಾಡಲು 2014ರಿಂದ ಒಂದು ಸುಲಭದ ದಾರಿ ಇದೆ, ಈಗ ಅದಕ್ಕೆ 'ಕ್ಲಾಸ್ ಕ್ಯೂ' ಅಂತಾರೆ. ಅಲ್ಲೂ ನೆರೆನೀರಿನ ಅಪಾಯ ನೋಡದೆ ಸ್ಥಳೀಯ ಆಡಳಿತ ಒಪ್ಪಿಗೆ ಕೊಡುವಂತಿಲ್ಲ. ಅವರ ನಿಯಮದಲ್ಲಿ ಕೃಷಿ ಕಟ್ಟಡ ನೆರೆ ಬಂದರೆ ಕಡಿಮೆ ತೊಂದರೆಯಾಗುವ ಗುಂಪಿಗೆ ಸೇರುತ್ತೆ, ವಾಸದ ಮನೆ ಜಾಸ್ತಿ ತೊಂದರೆಯಾಗುವ ಗುಂಪಿಗೆ. ಗೋಡೆ ಅದೇ, ಆದರೆ ಒಳಗೆ ಜನ ಮಲಗುತ್ತಾರೆ ಅಂದ ಕೂಡಲೇ ಗುಂಪು ಬದಲು. ಎಷ್ಟು ಸರಿಯಾದ ಮಾತು ಅಲ್ವಾ?

ನಮ್ಮ ಮಹಾರಾಷ್ಟ್ರದಲ್ಲೂ ಪೂರರೇಷೆ, ಅಂದರೆ ನೆರೆ ನೀರು ಎಲ್ಲಿವರೆಗೆ ಬರಬಹುದು ಅಂತ ತೋರಿಸುವ ರೇಖೆ ಇದೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ ರೇಖೆ, 100 ವರ್ಷಕ್ಕೊಮ್ಮೆಯದಕ್ಕೆ ಕೆಂಪು ರೇಖೆ. ನೂರು ವರ್ಷ ಅಂದ ಕೂಡಲೇ ಜನ ಮೊಮ್ಮಕ್ಕಳ ಕಾಲಕ್ಕೆ ನೋಡೋಣ ಅಂತಾರೆ. ಹಾಗಲ್ಲ. ಪ್ರತಿ ವರ್ಷವೂ ಶೇ. 1ರಷ್ಟು ಸಾಧ್ಯತೆ ಅಂತ. 20 ವರ್ಷದ ಸಾಲ ತೀರುವುದರೊಳಗೆ ಕೆಂಪು ರೇಖೆಯ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 18. ನೀಲಿ ರೇಖೆಯದು ಶೇ. 56. ಅರ್ಧಕ್ಕಿಂತ ಜಾಸ್ತಿ!

"ಮೇಲೆ ಮುಳಶಿ ಅಣೆಕಟ್ಟು ಇದೆಯಲ್ಲ" ಅಂದರು ಗೆಳೆಯರು. ಇದೆ. ಆದರೆ ತುಂಬಿದ ಅಣೆಕಟ್ಟು ಮಳೆ ಜೋರಾದಾಗಲೇ ನೀರು ಬಿಡುತ್ತೆ. 2024ರ ಜುಲೈ 25ರಂದು ಪುಣೆಯ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಏನಾಯಿತು? ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟರು, ಜನರನ್ನು ದೋಣಿಯಲ್ಲಿ ಹೊರತಂದರು. ಅದೂ ನಗರದ ಒಳಗೆ. ಇನ್ನು ಓಢಾಗಳಿಗೆ (ಹಳ್ಳಗಳಿಗೆ) ಅಂಥ ದೊಡ್ಡ ಅಣೆಕಟ್ಟೂ ಇಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢಾ ಉಕ್ಕಿ ಜನ ಜೀವ ಕಳೆದುಕೊಂಡರು. ರಾತ್ರಿ ಅನ್ನೋದನ್ನು ಗಮನಿಸಿ.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ಅಡ್ವಾನ್ಸ್ ಕೊಡುವ ಮೊದಲು ಜಲಸಂಪನ್ಮೂಲ ಇಲಾಖೆಯಲ್ಲಿ ಪೂರರೇಷೆ ನಕ್ಷೆ ಕೇಳಿ. ಆ ವಾಡಿಯ (ಸಣ್ಣ ಊರಿನ) ಹಿರಿಯರನ್ನು ಕೂರಿಸಿಕೊಂಡು ನೀರು ಎಲ್ಲಿಗೆ ಬಂದಿತ್ತು ಅಂತ ಕೈಯಲ್ಲೇ ತೋರಿಸಲು ಹೇಳಿ. ಕೊಟ್ಟಿಗೆಯ ನೆಲದ ಲೆವೆಲ್ (ಎತ್ತರದ ಅಳತೆ) ತೆಗೆಸಿ, ರೇಖೆಯ ಲೆವೆಲ್ ಜೊತೆ ಹೋಲಿಸಿ. ಮನೆಯೊಂದೇ ಅಲ್ಲ, ಹೊರಗೆ ಬರುವ ರಸ್ತೆಯದೂ ನೋಡಿ. ಇವರ ಜಾಗದಲ್ಲಿ ರಸ್ತೆ ಮನೆಗಿಂತ ತಗ್ಗಿನಲ್ಲಿದೆ, ಮೊದಲು ಮುಳುಗುವುದೇ ಅದು. ಪ್ಲಿಂತ್ ಎತ್ತರಿಸೋಣ ಅಂದರೆ ಮಾಡು ತಲೆಗೆ ಬಡಿಯುತ್ತೆ.

ಅವರು ಇನ್ನೂ ಮನಸ್ಸು ಮಾಡಿಲ್ಲ, ಅದೇ ಸಮಾಧಾನ. ಪೌಡ್ ಕಡೆ ಲೆವೆಲ್ ತೆಗೆಯುವ ಒಳ್ಳೇ ಸರ್ವೇಯರ್ ಯಾರಿಗಾದರೂ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ನಂಬರ್ ಹಾಕಿ. ಶನಿವಾರ ಮತ್ತೆ ಹೋಗುವವರಿದ್ದೇವೆ.