ಎಫ್‌ಐಆರ್ ಆಯ್ತು, ಇನ್ನೂ ಯಾಕೆ ಅರೆಸ್ಟ್ ಮಾಡಿಲ್ಲ?

ಸಂಜೆಯಿಂದ ಟಿವಿಯಲ್ಲಿ ಇದೊಂದೇ ಕೂಗು. ನಾನು ದಿನಬೆಳಗಾದರೆ ಕೋರ್ಟಿನಲ್ಲಿರುವವನು ಎಂದು ಗೊತ್ತಿರುವ ಗೆಳೆಯರೂ ಅದನ್ನೇ ಕೇಳುತ್ತಿದ್ದೀರಿ. ಸಿಟ್ಟು ಬಂದಿದೆ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

ಎಫ್‌ಐಆರ್ ಎಂದರೆ ತನಿಖೆ ಶುರುವಾಯಿತು ಎಂದಷ್ಟೇ. ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧಿಸಲು ಕಾರಣ ಇರುವುದು ಬೇರೆ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಹೇಳಿತ್ತು. ಇಷ್ಟು ವರ್ಷವಾದರೂ ನಾವು ಬಂಧನವನ್ನೇ ಶಿಕ್ಷೆ ಅಂದುಕೊಂಡು ಕೂತಿದ್ದೇವೆ.

2024ರ ಜುಲೈ 1ರಿಂದ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಂಧನದ ಬಗ್ಗೆ ಇದ್ದ ಹಳೆಯ ಸೆಕ್ಷನ್ 41, 41ಎ ಎರಡೂ ಈಗ ಹೊಸ ಸಂಹಿತೆಯ ಸೆಕ್ಷನ್ 35ರೊಳಗಿವೆ. ಗರಿಷ್ಠ ಶಿಕ್ಷೆ ಏಳು ವರ್ಷದವರೆಗಿನ ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧವಾದರೆ, ಆರೋಪಿ ತಪ್ಪು ಮಾಡಿದ್ದಾನೆಂದು ನಂಬಲು ಆಧಾರವಿದ್ದರೆ ಸಾಲದು, ಬಂಧನ ಯಾಕೆ ಬೇಕು ಎಂಬುದನ್ನೂ ಅಧಿಕಾರಿ ಬರೆದಿಡಬೇಕು. ಮತ್ತೆ ಅಪರಾಧ ಮಾಡಬಹುದು, ಸರಿಯಾದ ತನಿಖೆಗೆ ಬೇಕು, ಸಾಕ್ಷ್ಯ ನಾಶ ಮಾಡಬಹುದು, ಸಾಕ್ಷಿಗಳನ್ನು ಹೆದರಿಸಬಹುದು ಅಥವಾ ಆಮಿಷ ಒಡ್ಡಬಹುದು, ಕೋರ್ಟಿಗೆ ಸಿಗದೆ ಹೋಗಬಹುದು. ಇವುಗಳಲ್ಲಿ ಒಂದಾದರೂ ಇರಬೇಕು. ಬಂಧಿಸದಿದ್ದರೆ ಅದಕ್ಕೂ ಕಾರಣ ಬರೆಯಬೇಕು. ಭಾರತೀಯ ನ್ಯಾಯ ಸಂಹಿತೆಯ 318(4)ರ ವಂಚನೆಗೆ ಗರಿಷ್ಠ ಏಳು ವರ್ಷ, ಗಂಡನ ಮನೆಯವರ ಕ್ರೌರ್ಯಕ್ಕೆ, ಅಂದರೆ ಹಳೆಯ ಐಪಿಸಿಯ 498ಎಗೆ, ಮೂರು ವರ್ಷ. ಎರಡೂ ಈ ಗುಂಪಿನವೇ. ಕೊಲೆ, ಅತ್ಯಾಚಾರದಂಥವು ಇದರಾಚೆ. ಅಲ್ಲಿಯೂ ನಂಬಲರ್ಹ ಮಾಹಿತಿ ಬೇಕು.

ಬಂಧನ ಬೇಡವೆನಿಸಿದರೆ 35(3)ರ ನೋಟಿಸ್, ಅಂದರೆ ಇಂಥ ದಿನ ಬಂದು ಹಾಜರಾಗಿ ಎಂಬ ನೋಟಿಸ್ ಕೊಡಬೇಕು. ಎಫ್‌ಐಆರ್ ಆದ ಎರಡು ವಾರದೊಳಗೆ ಕೊಡಿ ಎಂದದ್ದು ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು. ನೋಟಿಸ್ ಪಾಲಿಸಿ ಹೋಗುತ್ತಿರುವವರನ್ನು ಹೊಸ ಕಾರಣ ಬರೆಯದೆ ಒಳಗೆ ಹಾಕುವಂತಿಲ್ಲ. ಹೋಗದೆ ತಪ್ಪಿಸಿಕೊಂಡರೆ ಮಾತ್ರ ಆ ರಕ್ಷಣೆ ಕೈತಪ್ಪುತ್ತದೆ. ನಡೆಯುವುದೇ ಬೇರೆ: "ಸ್ಟೇಷನ್ನಿಗೆ ಬಂದು ಹೋಗಿ" ಅಂತ ಒಂದು ಫೋನು, ಇಲ್ಲವೇ ವಾಟ್ಸಾಪಿನಲ್ಲೊಂದು ಫೋಟೊ. ವಾಟ್ಸಾಪ್ ನೋಟಿಸ್ ನಡೆಯುವುದಿಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಕಾಗದದ ಮೇಲೆ ಕೇಳಿ. ಕ್ರೈಂ ನಂಬರ್, ಸೆಕ್ಷನ್, ದಿನ, ಸಮಯ ಇದೆಯೇ ನೋಡಿ. ಹೋದ ದಿನ ಹಾಜರಾದದ್ದಕ್ಕೆ ಬರಹದಲ್ಲಿ ದಾಖಲೆ ಇಟ್ಟುಕೊಳ್ಳಿ.

"ದುಡ್ಡಿದ್ದವನು ಓಡಿಹೋಗಲ್ವಾ? ಸಾಕ್ಷಿಗಳನ್ನ ಕೊಂಡುಕೊಳ್ಳಲ್ವಾ?" ಅಂತೀರಿ. ಸರಿ, ಆ ಎರಡೂ ಕಾರಣ ಕಾನೂನಿನಲ್ಲೇ ಇವೆಯಲ್ಲ! ಹಾಗನ್ನಿಸಿದ ಅಧಿಕಾರಿ ಅದನ್ನು ನಿಜಸಂಗತಿ ಸಮೇತ ಬರೆದು ಬಂಧಿಸಲಿ, ಯಾರೂ ತಡೆಯುವುದಿಲ್ಲ. ಎಲ್ಲರ ಮೇಲೂ ಅದೇ ಐದು ಸಾಲು ನಕಲು ಮಾಡಿ ರಿಮ್ಯಾಂಡ್ ಅರ್ಜಿಗೆ (ಆರೋಪಿಯನ್ನು ಕಸ್ಟಡಿಯಲ್ಲಿಡಲು ಕೋರ್ಟಿಗೆ ಕೊಡುವ ಅರ್ಜಿ) ಅಂಟಿಸುವುದು ಕಾರಣ ಬರೆದಂತಲ್ಲ. ಅದಕ್ಕೆ ಕಣ್ಣುಮುಚ್ಚಿ ಸಹಿ ಹಾಕುವ ಮ್ಯಾಜಿಸ್ಟ್ರೇಟರ ಮೇಲೂ ಇಲಾಖಾ ಕ್ರಮ ಆಗಬಹುದು ಎಂದು ಅರ್ನೇಶ್ ಕುಮಾರ್ ತೀರ್ಪೇ ಎಚ್ಚರಿಸಿದೆ. ಟಿವಿಯವರು ಕೂಗಿದಷ್ಟೂ ಠಾಣೆಯ ಮೇಲೆ ಒತ್ತಡ, ಒತ್ತಡ ಬಂದಷ್ಟೂ ಇಂಥ ನಕಲು ಕಾರಣಗಳು. ಕೊನೆಗೆ ಅದರ ಲಾಭ ಆಗುವುದು ಆರೋಪಿಗೇ, ದೂರು ಕೊಟ್ಟವರಿಗಲ್ಲ.

ಬಂಧನ ಆಯಿತು ಅಂದುಕೊಳ್ಳಿ. ಮೊದಲು ನೋಡಬೇಕಾದ್ದು ಅರೆಸ್ಟ್ ಮೆಮೊದಲ್ಲಿ, ಅಂದರೆ ಪೊಲೀಸರು ಬರೆಯುವ ಬಂಧನದ ದಾಖಲೆಯಲ್ಲಿ, ಬರೆದ ಸಮಯ. ರಾತ್ರಿ ಎಂಟಕ್ಕೆ ಮನೆಯಿಂದ ಕರೆದೊಯ್ದು, ಮೆಮೊದಲ್ಲಿ ಮರುದಿನ ಬೆಳಿಗ್ಗೆ ಹತ್ತು ಎಂದು ಬರೆದರೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಗಡುವಿಗೆ ಹದಿನಾಲ್ಕು ಗಂಟೆ ಕದ್ದು ಸೇರಿಸಿದಂತೆ. ಪ್ರಯಾಣದ ಸಮಯ ಬಿಟ್ಟು ಬೇರೇನೂ ಆ ಲೆಕ್ಕದಿಂದ ಕಳೆಯುವಂತಿಲ್ಲ. ಮೆಮೊಗೆ ಮನೆಯವರೊಬ್ಬರ ಅಥವಾ ಊರಿನ ಗೌರವಾನ್ವಿತರೊಬ್ಬರ ಸಾಕ್ಷಿ ಸಹಿ ಬೇಕು, ಬಂಧಿತರ ಸಹಿಯೂ ಬೇಕು. ಸಮಯ ತಪ್ಪಿದ್ದರೆ ಸಹಿಯ ಪಕ್ಕದಲ್ಲೇ ನಿಜವಾದ ಸಮಯ ಬರೆಯಿರಿ. ಬರೆಯಲು ಬಿಡದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟು ಹೇಳಿ. ಬಂಧನದ ಕಾರಣಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಕ್ಷಣ ಆಗದಿದ್ದರೆ ರಿಮ್ಯಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೈಗೆ ಸಿಗಬೇಕು.

ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆಯಬೇಕು. ಇನ್ನು ಮನೆಯಲ್ಲಿ ಅರವತ್ತು ದಾಟಿದವರೋ, ಅಶಕ್ತರೋ ಇದ್ದರೆ 35(7) ನೆನಪಿಡಿ: ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಅವರನ್ನು ಬಂಧಿಸುವ ಹಾಗಿಲ್ಲ. ಬಾಗಿಲಿಗೆ ಬಂದವರನ್ನು ಆ ಅನುಮತಿ ಎಲ್ಲಿ ಎಂದು ಕೇಳಿ.